ಹಿಂಜಿದ ರೀಲು

ಹಾರೂ ಮನಿಷ್ಯಾನ ಸಿನಿಮಾ
ಗದಗಿಗೆ ಬಂದದ್ದು ಒಂಬತ್ತು ಡಬ್ಬಿಯೊಳಗ.
ಪ್ರಿಂಟು ಒಂದ, ಟಾಕೀಸು ಎರಡು:
ಗದಗಿನ್ಯಾಗೊಂದು, ಬೆಟಗೇರ್ಯಾಗೊಂದು,
ನಡುವ ನನ್ನ ಸೈಕಲ್ಲು.
ಇಲ್ಲೆ ಓಡಿದ ರೀಲು ಬಿಸಿ ಇರೂವಾಗನ
ಕ್ಯಾರಿಯರಿಗೆ ಬಿಗದು ಅಲ್ಲಿಗೆ ಒಯ್ಯೂದು.
ರೈಲ್ವೆ ಗೇಟು ಬಿತ್ತಂದ್ರ
ಅಲ್ಲೆ ಪರದೆ ಬೆಳ್ಳಗ, ಮಾಲಕರ ಮಾರಿ ಕರ್ರಗ.

ಆಪರೇಟರ್ ಮೋದಿನಸಾಬ ನದಾಫ.
ಅವರಪ್ಪ ಗಾದಿ ಹೊಲಿಯೂ ಪಿಂಜಾರ,
ಈತ ಬಿಲ್ಲು ಬಿಟ್ಟು ಬ್ಲೇಡು ಹಿಡದಂವ.
ಮಾಲಕರದು ಒಂದ ಮಾತು:
"ಮುಂಡರಗಿ ಕಡೇ ಬಸ್ಸು ಬಿಡೂದ್ರೊಳಗ
ಮಂದಿ ಹೊರಗಿರಬೇಕು."
ಹಿಂಗಾಗಿ ಕಾಕಾ ಕತ್ತರಿಸತಿದ್ದ.
ಹೊಡದಾಟಕ್ಕ ಕೈ ಹಚ್ಚತಿದ್ದಿಲ್ಲ, ಸೀಟಿ ಬೀಳೂ ಜಾಗಾ ಅವು.
ಆತ ಸುಮ್ಮನ ಕುಂತದ್ದು, ಉಂಡದ್ದು,
ಬಾಗಲದಾಗ ಯಾರಿಗೋ ಕಾಯ್ದದ್ದು
ಉಗುರಿನ ಹಾಂಗ ಕೆಳಗ ಬೀಳತಿದ್ವು.

ಇಂಟರವಲ್ಲಿಗೆ ಶೇಂಗಾ ಮಾರೂ ಗುರಸಿದ್ದವ್ವ
ಬಾಗಲ ಪರದೆ ಸಂದಿಯಿಂದ ದಿನಾ ನೋಡಿ
ದಿನಾ ಜಗಳಾ ತಗೀತಿದ್ಲು:
"ನಿನ್ನಿ ತನಕಾ ನೆಲದ ಮ್ಯಾಲಿದ್ದಂವ
ಹಾರೂಕಿಂತ ಮೊದಲ ಒಮ್ಮೆರೆ ಅಂಜಿರಬೇಕಲ್ಲೋ.
ಅದನ್ನೆಲ್ಲಿ ಒಗದಿ?"
"ಒಗದಿಲ್ಲವ್ವಾ, ಅಲ್ಲಾನ ಆಣಿ,
ಡಬ್ಬಿಯೊಳಗ ಬಂದಿಲ್ಲ."
ಆಕಿ ನಂಬಲಿಲ್ಲ. ಉದ್ರಿ ಮಾತ್ರ ಕೊಡತಿದ್ಲು.

ಹದಿನಾರು ವರ್ಷಕ್ಕ ಅದ ಸಿನಿಮಾ ಟಿವಿಯೊಳಗ,
ಶನಿವಾರ ಅರ್ಧ, ರವಿವಾರ ಅರ್ಧ.
ಟಾಕೀಸು ಅಷ್ಟೊತ್ತಿಗೆ ಸಿಮೆಂಟಿನ ಗೋದಾಮು.
ಕಾಕಾನ ಮನ್ಯಾಗ ಕುಂತು ನೋಡಿದಿವಿ.
"ಏ, ಇದು ಉದ್ದಾತಲೋ" ಅಂದ, ಅರ್ಧ ತಾಸಿಗೇ.
ಟಿವಿಗೆ ಯಾವ ಬಸ್ಸಿನ ಅವಸರ?
ಸಿನಿಮಾ ಉದ್ದ ಆದಷ್ಟೂ
ನಡುವ ಸಾಬೂನು ಮಾರಬಹುದು.
ಟಾಕೀಸಿನವರು ಗೇಣಿನ ಲೆಕ್ಕದಾಗ ಒಗದದ್ದನ್ನ
ಇವರು ಮೊಳದ ಲೆಕ್ಕದಾಗ ಮಾರತಾರ.
"ನಮ್ಮಪ್ಪನ ಗಾದಿ ಹಾಂಗ ನೋಡು,
ಹತ್ತಿ ಅಷ್ಟ, ಹಿಂಜಿದ್ರ ಖೋಲಿ ತುಂಬ."

ಆದ್ರ ಹತ್ತಿ ಅಷ್ಟ ಇದ್ದಿಲ್ಲ.
ಕಾಕಾನ ಬೆರಳು ಗಾಳ್ಯಾಗ ಜೋಡು ಹುಡುಕಿದ್ವು:
"ಇಲ್ಲೆ ಬಣ್ಣಾ ಬ್ಯಾರೆ.
ಇಲ್ಲೆ ಅದ ಬಾಜಾ ಇನ್ನೊಮ್ಮೆ ಎಳದಾರ.
ಇದನ್ನ ನಾ ಕತ್ತರಿಸಿಲ್ಲ, ಇದು ಗದಗಿಗೆ ಬಂದೇ ಇಲ್ಲ.
ನನಗಿಂತ ಮೊದಲ ಯಾವನೋ ಕತ್ತರಿಸ್ಯಾನ
ಸಮುದ್ರದಾಚಿ ಕುಂತು.
ಅವಂಗೂ ಒಬ್ಬ ಮಾಲಕ,
ಅವಂಗೂ ಒಂದು ಕಡೇ ಬಸ್ಸು."

ಆಮ್ಯಾಲ ಅದು ಬಂತು.
ಮಾಳಿಗಿ ಅಂಚಿಗೆ ನಿಂತಾನ ಅಂವ,
ಹೊಸಾ ಅರಬಿ, ಮಡಿಕಿ ಗೆರಿ ಇನ್ನೂ ಹೋಗಿಲ್ಲ.
ಒಂದು ಕಾಲು ಮುಂದಿಟ್ಟ.
ಹಿಂದ ತಗೊಂಡ.
ಕೆಳಗ ನೋಡಿ
ಕುಂತಬಿಟ್ಟ.
ಬಾಜಾ ಇಲ್ಲ. ಅಂಗೈ ತೊಡಿಗೆ ಒರಸಿಕೊಂಡ.
ಅಷ್ಟರಾಗ ಅರಬಿ ತೊಳಿಯೂ ಪುಡಿ ಹಾಡಕೋತ ಬಂತು.

ಕಾಕಾ ಎದ್ದ ನಿಂತ.
"ಸೈಕಲ್ ತಗೀಲೇ. ಆಕಿ ಮನ್ಯಾಗ ಟಿವಿ ಇಲ್ಲ.
ಅಂಜಿದ್ದ ಅಂತ ಹೇಳು."

ಗೇಟು ಬಿದ್ದಿತ್ತು.
ಹೊಸಪೇಟಿ ಕಡಿಂದ ಅದಿರಿನ ಗಾಡಿ,
ಐವತ್ತೆಂಟು ಡಬ್ಬಿ, ಎಣಿಸಿದೆ.
ಒಂದನ್ನೂ ಯಾರೂ ಬಿಚ್ಚಿ ಒಗದಿದ್ದಿಲ್ಲ.

ಗುರಸಿದ್ದವ್ವ ಕಟ್ಟಿ ಮ್ಯಾಲೆ ಶೇಂಗಾ ಸುಲೀತಿದ್ಲು.
ಹೇಳಿದೆ.
"ಎಷ್ಟೊತ್ತು ಅಂಜಿದ?"
"ಎರಡು ಮಿನಿಟು ಇರಬೇಕು."
ತಲಿ ಹಾಕಿದ್ಲು, ಹಳೇ ಲೆಕ್ಕಾ ಚುಕ್ತಾ ಆದವರ ಹಾಂಗ.
ಒಂದು ಮುಟಗಿ ಕಾಳು ನನ್ನ ಅಂಗೈಗೆ ಹಾಕಿ
ಕೇಳಿದ್ಲು:
"ಕುಂತಂವ ಮತ್ತ ಹೆಂಗ ಎದ್ದ?"

ಅದು ನನಗ ಗೊತ್ತಿದ್ದಿಲ್ಲ.
ಅಷ್ಟೊತ್ತಿಗೆ
ನಾ ಗೇಟಿನ್ಯಾಗಿದ್ದೆ.